ಬೆಡ್‌ಶೀಟಿನ ಇನ್ನೊಂದು ತುದಿ

ಮನೆಯಿಂದ, ಅಡುಗೆಮನೆಯ ಕಿಟಕಿ ಪಕ್ಕ
ಮಾರ್ಚ್ ೧೬, ಭಾನುವಾರ ಮಧ್ಯಾಹ್ನ

ಪ್ರೀತಿಯ ಸೊಸೆಗೆ,

ಹೇಗಿದ್ದೀಯಮ್ಮಾ? ಕೆಮ್ಮು ಕಡಿಮೆಯಾಯಿತೇ, ಇಲ್ಲ ಆ ತಣ್ಣನೆಯ ಕೋಣೆಯಲ್ಲಿ ಕೂತು ಕೂತು ಇನ್ನಷ್ಟು ಜೋರಾಯಿತೇ? ಎಡಿಟಿಂಗ್ ಕೋಣೆಯ ಎ.ಸಿ. ಇರುವುದು ಯಂತ್ರಗಳಿಗಾಗಿ, ಮನುಷ್ಯರಿಗಾಗಿ ಅಲ್ಲ ಅಂತ ಹೋದ ಸಲ ನೀನೇ ಹೇಳಿದ್ದೆ. ಹಾಗಾದರೆ ಮನುಷ್ಯರು ಸ್ವೆಟರ್ ಹಾಕಿಕೊಳ್ಳಬೇಕು. ನಾನು ಹೆಣೆದುಕೊಟ್ಟ ಬೂದು ಬಣ್ಣದ್ದು ನಿನ್ನ ಕಪಾಟಿನಲ್ಲೇ ಬೆಚ್ಚಗೆ ಮಲಗಿರುವುದನ್ನು ನಿನ್ನೆ ಬಟ್ಟೆ ಜೋಡಿಸುವಾಗ ನೋಡಿದೆ. ನಾನೇನೂ ಹೇಳುವುದಿಲ್ಲ. ಬೆನ್ನುನೋವಿಗೆ ಕುರ್ಚಿಯ ಹಿಂದೆ ಒಂದು ದಿಂಬು ಇಟ್ಟುಕೋ, ಹೊತ್ತಿಗೆ ಸರಿಯಾಗಿ ಊಟ ಮಾಡು. ಇಲ್ಲಿ ನಾವಿಬ್ಬರೂ ಕ್ಷೇಮ. ನನ್ನ ಮಂಡಿ ಮೆಟ್ಟಿಲು ಹತ್ತುವಾಗ ತಕರಾರು ತೆಗೆಯುತ್ತದೆ, ಇಳಿಯುವಾಗ ಸುಮ್ಮನಿರುತ್ತದೆ. ನಿನ್ನ ಗಂಡನೂ ಚೆನ್ನಾಗಿದ್ದಾನೆ. ನೀನು ಬರುವಷ್ಟರಲ್ಲಿ ಅಡುಗೆ ಕಲಿಯುತ್ತೇನೆಂದು ಶಪಥ ಮಾಡಿದವನು ಇದ್ದ ಒಳ್ಳೆಯ ಪಾತ್ರೆಗಳ ತಳವನ್ನೆಲ್ಲ ಕರಕಲು ಮಾಡಿ, ಈಗ ಪಾತ್ರೆ ಉಜ್ಜುವುದನ್ನು ಮಾತ್ರ ಬಹಳ ಚೆನ್ನಾಗಿ ಕಲಿತಿದ್ದಾನೆ.

ಫೋನ್ ಇರುವಾಗ ಅತ್ತೆ ಕಾಗದ ಬರೆಯುತ್ತಾಳಲ್ಲ ಅಂತ ನಗಬೇಡ. ಫೋನ್ ಕೈಗೆ ಬಂದರೆ ನನ್ನ ಬಾಯಿಂದ 'ಹ್ಞೂ, ಎಲ್ಲಾ ಆರಾಮ, ಇಡ್ತೀನಿ' ಎನ್ನುವುದು ಬಿಟ್ಟು ಇನ್ನೇನೂ ಹೊರಡುವುದಿಲ್ಲ. ಮೇಲಾಗಿ ನಮ್ಮ ಮನೆಯಲ್ಲಿ ಒಂದು ಕೋಣೆಯಲ್ಲಿ ಆಡಿದ ಮಾತು ಎಲ್ಲ ಕೋಣೆಗೂ ಕೇಳುತ್ತದೆ. ನೀನು ಕೇಳಿರುವುದು ಹಾಗೆ ನಿಂತ ಕಾಲಲ್ಲಿ ಹೇಳುವ ವಿಷಯವೂ ಅಲ್ಲ. 'ಅತ್ತೆ, ಮಾವನ ಬಗ್ಗೆ ನೀವು ಮಾತಾಡಿರೋ ಭಾಗ ಸಿನಿಮಾದಲ್ಲಿ ಇಡ್ಲಾ, ತೆಗೀಲಾ? ನೀವು ಹೇಗೆ ಹೇಳ್ತೀರೋ ಹಾಗೆ. ತಿಂಗಳ ಕೊನೆಗೆ ಮುಗಿಸಿ ಕೊಟ್ಬಿಡಬೇಕು' ಅಂದೆ. ನೀನೇನೋ ಸಲೀಸಾಗಿ ಅಂದುಬಿಟ್ಟೆ. ನಿನ್ನ ಗಂಡ ತೆಗೆಯಲೇಬೇಕು ಅನ್ನುತ್ತಾನೆ. ನಾನು ಇಬ್ಬರ ಮಧ್ಯೆ ಅಡಕತ್ತರಿಯಲ್ಲಿ ಸಿಕ್ಕಿಕೊಂಡೆ. ಅದಕ್ಕೇ ಇಷ್ಟು ದಿನ ತಡವಾಯಿತು.

ಆ ವಿಷಯಕ್ಕೆ ಬರುವ ಮೊದಲು ಒಂದು ಹಳೆಯ ಗುಟ್ಟು ಹೇಳಿಬಿಡುತ್ತೇನೆ, ಕೇಳಿ ನಗು. ನೀನು ಈ ಮನೆಗೆ ಬಂದ ಹೊಸತರಲ್ಲಿ ಒಂದು ದಿನ ಚಹಾ ಕುಡಿಯುತ್ತಾ 'ಅತ್ತೆ, ನಿಮ್ಮ ಮೇಲೆ ಒಂದು ಸಾಕ್ಷ್ಯಚಿತ್ರ ಮಾಡ್ತೀನಿ' ಅಂದೆಯಲ್ಲ, ಆಗ ನನ್ನ ಎದೆ ಧಸಕ್ಕೆಂದಿತು. ಸಾಕ್ಷ್ಯ ಎಂದರೆ ನನಗೆ ಗೊತ್ತಿದ್ದುದು ಕೋರ್ಟಿನದು. ಅದೂ ನನ್ನ ಮೇಲೆ! ನಾನೇನು ಮಾಡಿದೆ, ಯಾರು ದೂರು ಕೊಟ್ಟರು? ನಾನು ಕೆಲಸ ಮಾಡುತ್ತಿದ್ದ ಆಸ್ಪತ್ರೆಯ ಲಾಂಡ್ರಿಯಲ್ಲಿ ಎಸೆಯುವ ಬುಟ್ಟಿಗೆ ಹಾಕಿದ್ದ ಹರಕು ಟವೆಲೊಂದನ್ನು ಎತ್ತಿಕೊಂಡು ಬಂದು ನೆಲ ಒರೆಸಲು ಇಟ್ಟುಕೊಂಡಿದ್ದೆ. ಅದರ ಮೂಲೆಯಲ್ಲಿ ಆಸ್ಪತ್ರೆಯ ನೀಲಿ ಮೊಹರು ಇನ್ನೂ ಮಾಸಿರಲಿಲ್ಲ. ನೀನು ಆ ಕಡೆ ಹೋದದ್ದೇ ತಡ, ಅದನ್ನು ಹಳೆಯ ಸೂಟ್‌ಕೇಸಿನೊಳಗೆ ಬಚ್ಚಿಟ್ಟೆ. 'ನೆಲ ಒರೆಸೋ ಬಟ್ಟೆಗೆ ಕಾಲು ಬಂತಾ' ಅಂತ ನೀನು ಮನೆಯೆಲ್ಲ ತಡಕಾಡಿದ್ದು ಅದಕ್ಕಾಗಿಯೇ. ನಾನು ತುಟಿ ಪಿಟಕ್ ಅನ್ನಲಿಲ್ಲ. ಆಮೇಲೆ ನೀನು 'ಸಾಕ್ಷಿ ಹೇಳೋದಲ್ಲ ಅತ್ತೆ, ನೀವು ಕೆಲಸ ಮಾಡೋದನ್ನ ಇದ್ದ ಹಾಗೆ ತೋರಿಸೋದು' ಅಂತ ಬಿಡಿಸಿ ಹೇಳಿದ ಮೇಲೆ ಟವೆಲು ಸೂಟ್‌ಕೇಸಿನಿಂದ ಹೊರಗೆ ಬಂತು. ನಾನು ನಿವೃತ್ತಳಾಗುವ ಮುಂಚಿನ ಆ ಕೆಲವು ತಿಂಗಳು ನೀನು ಕ್ಯಾಮೆರಾ ಹೊತ್ತು ನನ್ನ ಜೊತೆಗೇ ಬಸ್ಸು ಹತ್ತುತ್ತಿದ್ದೆ. ಲಾಂಡ್ರಿಯ ಹೆಂಗಸರೆಲ್ಲ ನಿನಗೆ 'ಕ್ಯಾಮೆರಾ ಸೊಸೆ' ಅಂತ ಹೆಸರಿಟ್ಟರು, ಈಗ ನಮ್ಮ ಬೀದಿಯಲ್ಲೂ ಅದೇ ನಿಂತುಬಿಟ್ಟಿದೆ.

ಭಾನುವಾರದ ಸಿನಿಮಾ ನೋಡಲು ಕನ್ನಡಕದ ಅಂಗಡಿಯ ಮಹಡಿಗೆ ನೀನು ನನ್ನನ್ನು ಕೈಹಿಡಿದು ಹತ್ತಿಸಿದೆಯಲ್ಲ, ಅದಕ್ಕೆ ನಾನು ಯಾವತ್ತೂ ಬಾಯಿಬಿಟ್ಟು ಥ್ಯಾಂಕ್ಸ್ ಹೇಳಿಲ್ಲ. ಮನೆಯವರಿಗೆಲ್ಲ ಯಾರು ಥ್ಯಾಂಕ್ಸ್ ಹೇಳುತ್ತಾರೆ ಅಂತ ಸುಮ್ಮನಿದ್ದೆ. ಇವತ್ತು ಹೇಳುತ್ತಿದ್ದೇನೆ, ಇಟ್ಟುಕೋ. ಅಲ್ಲಿಯವರೆಗೆ ನಾನು ನೋಡಿದ ಸಿನಿಮಾಗಳಲ್ಲಿ ತಾಯಿ ಅಂದರೆ ತಟ್ಟೆ ತಂದಿಡುವವಳು, ಕೆಮ್ಮುವವಳು, ಫೋಟೋ ನೋಡಿ ಅಳುವವಳು. ಆ ತಟ್ಟೆಯನ್ನು ಆಮೇಲೆ ಯಾರು ತೊಳೆದರು ಅಂತ ಒಬ್ಬರೂ ತೋರಿಸಿದ್ದಿಲ್ಲ. ಮಹಡಿಯ ಮೇಲೆ ನಾನು ನೋಡಿದ ಮೊದಲ ಪರದೇಶದ ಸಿನಿಮಾದಲ್ಲಿ ಒಬ್ಬ ಹೆಂಗಸು ಊಟವಾದ ಮೇಲೆ ತಟ್ಟೆ ತೊಳೆದಳು, ಒರೆಸಿದಳು, ಜೋಡಿಸಿಟ್ಟಳು, ಅಷ್ಟನ್ನೂ ಪೂರ್ತಿ ತೋರಿಸಿದರು. ಬಿಸಿ ಪಾತ್ರೆಯ ಮುಚ್ಚಳವನ್ನು ಅವಳೂ ನನ್ನ ಹಾಗೆಯೇ ತನ್ನ ಬಟ್ಟೆಯ ಅಂಚಿನಿಂದ ಹಿಡಿದು ತೆಗೆದಳು. ಅವಳ ಭಾಷೆ ನನಗೆ ಒಂದಕ್ಷರ ತಿಳಿಯದು, ಕೆಳಗೆ ಓಡುವ ಅಕ್ಷರಗಳನ್ನು ಓದುವಷ್ಟರಲ್ಲಿ ಅವು ಮಾಯವಾಗುತ್ತಿದ್ದವು. ಕೊನೆಗೆ ಓದುವುದನ್ನೇ ಬಿಟ್ಟು ಮುಖ ನೋಡುತ್ತಾ ಕೂತೆ. ಮುಗಿದ ಮೇಲೆ 'ಗಂಡ ಹೆಂಡತಿ ಜಗಳ ಎಷ್ಟು ನಿಜವಾಗಿದೆ' ಅಂತ ನಾನು ಅಂದದ್ದು, ಅವರಿಬ್ಬರು ಅಕ್ಕ ತಮ್ಮ ಅಂತ ನೀನು ನನ್ನ ಕಿವಿಯಲ್ಲಿ ಉಸುರಿದ್ದು, ಕನ್ನಡಕದವರು 'ನೀವು ನೋಡಿದ ಸಿನಿಮಾನೇ ಇನ್ನೂ ಚೆನ್ನಾಗಿತ್ತು ಬಿಡಿ' ಅಂತ ನನ್ನ ಮಾನ ಉಳಿಸಿದ್ದು ಎಲ್ಲ ನೆನಪಿದೆ. ಮಾರನೆಯ ವಾರವೇ ಅವರು ನನಗೆ ಹೊಸ ಕನ್ನಡಕ ಮಾಡಿಕೊಟ್ಟರು. ಅಂಗಡಿಯ ಮಹಡಿಯಲ್ಲಿ ಅಕ್ಷರ ಓಡುವ ಸಿನಿಮಾ ಹಾಕುವುದರಲ್ಲಿ ಅವರ ವ್ಯಾಪಾರದ ಬುದ್ಧಿಯೂ ಇದೆ ಅಂತ ನನಗೆ ಈಗಲೂ ಗುಮಾನಿ.

ನೀನು ಇಲ್ಲದಿದ್ದರೂ ಭಾನುವಾರದ ಸಿನಿಮಾ, ಆಮೇಲಿನ ಚಹಾ, ಚಹಾದ ಮೇಲಿನ ಜಗಳ ಯಾವುದೂ ತಪ್ಪಿಲ್ಲ. ನಮ್ಮ ಬ್ರೇಕು, ಅದೇ ಬಸ್ ಓಡಿಸಿ ರಿಟೈರಾದ ಡ್ರೈವರು, ಮೊದಲಿನ ಹಾಗೆಯೇ ನಡುನಡುವೆ ಎಲ್ಲರ ಮಾತಿಗೂ ಬ್ರೇಕ್ ಹಾಕುತ್ತಾ ಇದ್ದಾರೆ. ನೀನು ಹೋದ ಮೇಲೆ ಒಂದು ಹಿಮದ ಸಿನಿಮಾ ಬಂತು. ಒಬ್ಬ ಮುದುಕ ಹಿಮದಲ್ಲಿ ನಡೆದೇ ನಡೆದ. ಬ್ರೇಕು ತಡೆಯಲಾರದೆ 'ಬಸ್ ಹತ್ತಿದ್ರೆ ಇಷ್ಟೊತ್ತಿಗೆ ಮನೆ ಸೇರಿ ಮಲಗ್ತಿದ್ದ' ಅಂದರು. ಕನ್ನಡಕದವರಿಗೆ ಸಿಟ್ಟು ಮೂಗಿನ ತುದಿಗೆ ಬಂತು, 'ನಡಿಗೆನೇ ಕಥೆ ಕಣ್ರೀ' ಅಂತ ರೇಗಿದರು. ನನಗೆ ಇಬ್ಬರದೂ ಸರಿ ಅನ್ನಿಸಿತು. ಮುದುಕ ನಡೆದದ್ದು ಇಷ್ಟವಾಯಿತು, ನನ್ನ ಮಂಡಿ ಮಾತ್ರ ಬಸ್ಸಿನ ಕಡೆ ಇತ್ತು. ಆಮೇಲೆ ಇಬ್ಬರು ಅಕ್ಕತಂಗಿಯರು ಸೇರಿ ತಮ್ಮ ಮನೆಯಲ್ಲೇ ಸಂಬಂಧಿಕರನ್ನೇ ಹಾಕಿಕೊಂಡು ಮಾಡಿದ ಸಿನಿಮಾ ನೋಡಿದೆವು. ಒಂದು ಕಡೆ ಮೇಲಿನಿಂದ ಮೈಕು ಇಣುಕುತ್ತದೆ. ಹಲ್ಲಿನ ಡಾಕ್ಟರಮ್ಮ 'ಇಷ್ಟೂ ನೋಡ್ಕೊಳ್ಳೋಕಾಗಲ್ವಾ' ಅಂತ ಮುಖ ಸಿಂಡರಿಸಿದರು. ಹಲ್ಲಿನ ಸಂದಿಯಲ್ಲಿ ಒಂದು ಕಾಳು ಸಿಕ್ಕಿಕೊಂಡರೂ ಬಿಡದ ಪೈಕಿ ಅವರು. ನನಗೆ ಆ ಮೈಕೇ ಇಷ್ಟ. ನಮ್ಮ ಮನೆಯ ಎಲ್ಲ ಫೋಟೋಗಳಲ್ಲೂ ಯಾರೂ ಕರೆಯದೆ ನೀಲಿ ಬಕೆಟ್ಟು ಬಂದು ನಿಂತಿರುವುದಿಲ್ಲವೇ, ಹಾಗೆ. ಸೇತುವೆಗೆ ಬಣ್ಣ ಬಳಿಯುವವರ ಮೇಲೆ ಒಂದು ಸಾಕ್ಷ್ಯಚಿತ್ರವೂ ಬಂದಿತ್ತು. ಅವರು ಒಂದು ತುದಿಯಿಂದ ಬಳಿಯುತ್ತಾ ಇನ್ನೊಂದು ತುದಿ ಮುಟ್ಟುವಷ್ಟರಲ್ಲಿ ಶುರು ಮಾಡಿದ ಕಡೆ ತುಕ್ಕು ಹಿಡಿದಿರುತ್ತದೆ, ಮತ್ತೆ ಅಲ್ಲಿಂದ ಶುರು. ಎಲ್ಲರೂ ನಕ್ಕರು. ನನಗೆ ಮಾತ್ರ ಕಣ್ಣು ತುಂಬಿತು, ಒಗೆದಷ್ಟೂ ಬರುತ್ತಿದ್ದ ಆ ಬೆಡ್‌ಶೀಟುಗಳ ರಾಶಿ ನೆನಪಾಗಿ.

ಈಗ ಹೋದ ಭಾನುವಾರದ್ದು ಹೇಳುತ್ತೇನೆ. ನೀನು ಕಳಿಸಿದ ಸಿನಿಮಾವನ್ನು ಅವತ್ತು ಹಾಕಿದರು. 'ನನ್ನದು ಅಂತ ದಾಕ್ಷಿಣ್ಯ ಬೇಡ, ಇದ್ದದ್ದು ಇದ್ದ ಹಾಗೆ ಹೇಳಿ' ಅಂತ ನೀನು ಕಳಿಸಿದ್ದ ಮಾತನ್ನು ಕನ್ನಡಕದವರು ಎಲ್ಲರಿಗೂ ಓದಿ ಹೇಳಿದರು. ನಿನ್ನ ಗಂಡನೂ ಬಂದಿದ್ದ. ಮುಂದೆ ಬಾ ಅಂದರೂ ಬರದೆ ಬಾಗಿಲ ಹತ್ತಿರದ ಸ್ಟೂಲಿನ ಮೇಲೆ ಕೂತ. ದೀಪ ಆರಿತು. ಮೊದಲು ಆವಿ, ಆಮೇಲೆ ಆವಿಯೊಳಗಿಂದ ತಳ್ಳುಗಾಡಿ, ಆಮೇಲೆ ನಾನು. ಅಯ್ಯೋ, ನನ್ನ ಉಸಿರು ಅಷ್ಟು ಜೋರಾಗಿ ಕೇಳುತ್ತದೆಯೇ? ನಾನು ನಡೆಯುವಾಗ ಎಡಕ್ಕೆ ವಾಲುತ್ತೇನೆಂದು ನನಗೆ ಇಷ್ಟು ವರ್ಷ ಯಾರೂ ಹೇಳಿರಲಿಲ್ಲ. ಆದರೆ ಒಣಗಿದ ಬಟ್ಟೆಯನ್ನು ಕೊಡವಿದಾಗ ಆಗುವ ಆ ಫಟ್ ಸದ್ದು, ಇಸ್ತ್ರಿ ಉರುಳೆಯ ಕೆಳಗಿಂದ ಬೆಡ್‌ಶೀಟು ಬಿಸಿಬಿಸಿಯಾಗಿ ಹೊರಬರುವುದು, ಕಲೆ ಹೋಗದ್ದನ್ನು ನಾನು ಬೆಳಕಿಗೆ ಹಿಡಿದು ನೋಡುವುದು, ಇದೆಲ್ಲ ಇಷ್ಟು ಚೆಂದ ಇತ್ತೆಂದು ನನಗೇ ಗೊತ್ತಿರಲಿಲ್ಲ. ಹೊಟ್ಟೆಪಾಡಿನ ಕೆಲಸ ಅಂದುಕೊಂಡು ಮಾಡಿದ್ದೆ. ಪರದೆಯ ಮೇಲೆ ನೋಡುವಾಗ, ಈ ಹೆಂಗಸಿಗೆ ಕೈ ಚೆನ್ನಾಗಿ ಕೂತಿದೆ ಅನ್ನಿಸಿತು. ನನ್ನ ಬಗ್ಗೆ ನನಗೆ ಹಾಗೆ ಅನ್ನಿಸಿದ್ದು ಅದೇ ಮೊದಲು. ಅದಕ್ಕೆ ನಿನಗೆ ಎಷ್ಟು ಹೇಳಿದರೂ ಕಡಿಮೆಯೇ ಮಗಳೇ.

ಆಮೇಲೆ ಆ ಭಾಗ ಬಂತು. ನಾನು ಬೆಡ್‌ಶೀಟಿನ ಎರಡು ಮೂಲೆ ಹಿಡಿದು ಮಡಿಸುತ್ತಾ ಮಾತಾಡುತ್ತೇನೆ. 'ನಮ್ಮನೆಯವರು ಒಳ್ಳೆಯವರು. ಒಂದು ದಿನ ಕೈ ಎತ್ತಿದವರಲ್ಲ, ಬೈದವರಲ್ಲ. ಆದ್ರೆ ನಾನು ಕೆಲಸ ಮಾಡೋ ಜಾಗಕ್ಕೆ ಒಂದು ದಿನಾನೂ ಬರ್ಲಿಲ್ಲ. ಆಸ್ಪತ್ರೆ ಆಫೀಸಲ್ಲಿ ಕೆಲಸ ಅಂತ ಎಲ್ಲರಿಗೂ ಹೇಳ್ತಿದ್ರು. ಒಗೆಯೋ ಕೆಲಸ ಅಂತ ಹೇಳೋಕೆ ಅವರಿಗೆ ನಾಚಿಕೆ. ಅವರಿಗೆ ನಾಚಿಕೆ ಆದ್ರೆ ನನಗೂ ನಾಚಿಕೆ ಆಗ್ಬೇಕಿತ್ತೇನೋ. ನನಗೆ ಆಗ್ತಿರ್ಲಿಲ್ಲ, ಅದನ್ನ ಹೇಳ್ಕೊಳ್ಳೋಕೆ ಜಾಗ ಇರ್ಲಿಲ್ಲ.' ಇಷ್ಟೇ. ಹೇಳಿ ಮೂಲೆಗೆ ಮೂಲೆ ಸೇರಿಸುತ್ತೇನೆ.

ದೀಪ ಹಾಕಿದ್ದೇ ಜಗಳ ಶುರು. ಬ್ರೇಕು ಮೊದಲು: 'ಉಳಿದದ್ದೆಲ್ಲ ಫಸ್ಟ್ ಕ್ಲಾಸ್, ಆ ಮಾತು ಮಾತ್ರ ಬೇಡ. ತೀರಿಕೊಂಡವರು ಎದ್ದು ಬಂದು ಉತ್ತರ ಕೊಡೋಕಾಗುತ್ತಾ?' ಕನ್ನಡಕದವರು ಪಟ್ಟು ಬಿಡಲಿಲ್ಲ, ಆ ಮಾತು ತೆಗೆದರೆ ಉಳಿಯುವುದು ಬಟ್ಟೆ ಒಗೆಯುವ ಯಂತ್ರದ ಜಾಹೀರಾತು ಅಂದರು. ಸಾಕ್ಷ್ಯಚಿತ್ರ ಮಾಡುವವರು ತಾವೆಲ್ಲೂ ಕಾಣಿಸದೆ ಗೋಡೆಯ ಮೇಲಿನ ಹಲ್ಲಿಯ ಹಾಗೆ ಇರಬೇಕು, ನೀನು ಹಾಗೆ ಇದ್ದೀಯ, ಅದೇ ಅದರ ದೊಡ್ಡಸ್ತಿಕೆ ಅಂತಲೂ ಹೊಗಳಿದರು. ಆಗ ಡಾಕ್ಟರಮ್ಮ ತಲೆ ಕೆರೆದುಕೊಳ್ಳುತ್ತಾ 'ನನಗೊಂದು ಅರ್ಥ ಆಗ್ಲಿಲ್ಲ, ಆಕೆ ಇದನ್ನೆಲ್ಲ ಯಾರ ಹತ್ರ ಹೇಳ್ತಿದ್ದಾರೆ? ಇಷ್ಟು ವರ್ಷ ಗಂಡನ ಮೇಲೆ ದೂರು ಹೇಳೋಕೆ ಕಾಯ್ತಾ ಇದ್ದು, ಕ್ಯಾಮೆರಾ ಸಿಕ್ಕ ಕೂಡಲೇ ಹೇಳ್ಬಿಟ್ಟ ಹಾಗಿದೆ' ಅಂದರು. 'ಆಕೆ' ಅಂದರೆ ನಾನೇ, ಅವರ ಪಕ್ಕದಲ್ಲೇ ಚಹಾ ಲೋಟ ಹಿಡಿದು ಕೂತಿದ್ದೇನೆ! ಮೂವರೂ ನನ್ನ ಬಗ್ಗೆ ನಾನು ಪರದೇಶದ ನಟಿಯೇನೋ ಎನ್ನುವ ಹಾಗೆ ಕಚ್ಚಾಡಿದರೇ ಹೊರತು, ನನ್ನ ಕಡೆ ತಿರುಗಿ ನೀವೇನಂತೀರಿ ಅಂತ ಒಬ್ಬರೂ ಕೇಳಲಿಲ್ಲ. ನಗು ಬಂತು. ಆದರೆ ಡಾಕ್ಟರಮ್ಮನ ಮಾತು ಚುಚ್ಚಿತು. ಅವರು ಕೆಟ್ಟವರಲ್ಲ, ಕಂಡದ್ದನ್ನು ಹೇಳಿದರು. ತಿರುಗಿ ನೋಡಿದರೆ ಬಾಗಿಲ ಬಳಿ ಸ್ಟೂಲು ಖಾಲಿ.

ಮನೆಗೆ ಬಂದಾಗ ನಿನ್ನ ಗಂಡ ಅಡುಗೆಮನೆಯಲ್ಲಿ ಮೊದಲೇ ತೊಳೆದಿದ್ದ ಪಾತ್ರೆಗಳನ್ನು ಮತ್ತೆ ತೊಳೆಯುತ್ತಿದ್ದ. ನನಗೆ ಅರ್ಥವಾಯಿತು. ಅವನ ಮೇಲೆ ನೀನು ಬೇಜಾರು ಮಾಡಿಕೊಳ್ಳಬೇಡ. ಅಪ್ಪ ಅಂದರೆ ಅವನಿಗೆ ಪ್ರಾಣ. ಅವನು ನನಗೆ ಬೆನ್ನು ಮಾಡಿಕೊಂಡೇ ಹೇಳಿದ, 'ಅಮ್ಮಾ, ಅವಳು ಅಪ್ಪನ್ನ ನೋಡಿದವಳೇ ಅಲ್ಲ. ಸಿನಿಮಾ ನೋಡೋ ಯಾರೂ ನೋಡಿದವರಲ್ಲ. ಅವರಿಗೆಲ್ಲ ಅಪ್ಪ ಅಂದ್ರೆ ಅಷ್ಟೇ ಆಗೋಗುತ್ತೆ, ಹೆಂಡ್ತಿ ಕೆಲಸಕ್ಕೆ ನಾಚಿಕೆಪಟ್ಟೋನು ಅಂತ. ನಾನೂ ಸ್ಕೂಲಲ್ಲಿ ಆಫೀಸು ಅಂತಾನೇ ಹೇಳ್ತಿದ್ದೆ, ಹಾಗಾದ್ರೆ ನಾನೂ ಅಷ್ಟೇನಾ?' ನಾನು ಅವನ ಪಕ್ಕ ನಿಂತು ಪಾತ್ರೆ ಒರೆಸುತ್ತಾ, ಅವನಿಗೆ ಗೊತ್ತಿಲ್ಲದ ಒಂದು ವಿಷಯ ಹೇಳಿದೆ. ಅವನಪ್ಪ ಆಸ್ಪತ್ರೆಯ ಗೇಟಿನೊಳಗೆ ಒಂದು ದಿನವೂ ಬಂದವರಲ್ಲ, ನಿಜ. ಆದರೆ ನನ್ನ ಕೆಲಸ ಬಿಡುವ ಹೊತ್ತಿಗೆ ಆ ರಸ್ತೆಯ ತಿರುವಿನವರೆಗೆ ಬಂದು, ಔಷಧಿ ಅಂಗಡಿಯ ಮುಂದೆ ಏನೋ ಕೊಳ್ಳುವವರ ಹಾಗೆ ನಿಂತಿರುತ್ತಿದ್ದರು. ನಾನು ಬಂದ ಕೂಡಲೇ ಕೈಚೀಲ ತೆಗೆದುಕೊಳ್ಳುತ್ತಿದ್ದರು. ಲಾಂಡ್ರಿಯ ಸೋಪಿನ ವಾಸನೆ ನನ್ನ ಮೈಗೆ ಅಂಟಿಕೊಂಡಿರುತ್ತಿತ್ತು. ಬಸ್ಸಿನಲ್ಲಿ ಯಾರಾದರೂ ಮೂಗು ಮುರಿದರೆ ಅವನಪ್ಪ ನನಗೆ ಇನ್ನಷ್ಟು ಹತ್ತಿರ ಸರಿದು ಕೂರುತ್ತಿದ್ದರು. ಆಫೀಸು ಅಂತ ಸುಳ್ಳು ಹೇಳಿದವರೂ ಅವರೇ, ಚೀಲ ಹೊತ್ತವರೂ ಅವರೇ. ಎರಡನ್ನೂ ಇಟ್ಟುಕೊಂಡೇ ನಾನು ಅವರ ಜೊತೆ ಬಾಳಿದ್ದು.

ನಿನ್ನ ಗಂಡ ನಲ್ಲಿ ನಿಲ್ಲಿಸಿ ನನ್ನ ಕಡೆ ತಿರುಗಿದ. ಆಮೇಲೆ 'ಇದನ್ನ ನನಗೆ ಯಾಕಮ್ಮಾ ಹೇಳಿರ್ಲಿಲ್ಲ?' ಅಂದ. 'ನೀನು ಕೇಳಿದ್ಯಾ?' ಅಂದೆ. ನಾನು ಕಟುವಾಗಿ ಅನ್ನಲಿಲ್ಲ, ಅವನೂ ಹಾಗೆ ತೆಗೆದುಕೊಳ್ಳಲಿಲ್ಲ. ಆದರೂ ಕೊನೆಗೆ ಹಳೆಯ ಮಾತಿಗೇ ಬಂದ, 'ಇಷ್ಟೆಲ್ಲ ಇದೆ ಅಂದ್ಮೇಲೆ ಬರೀ ಆ ಮಾತು ಯಾಕೆ? ತೆಗೀಲಿ ಅಂತ ಬರಿ.' ಬರೆಯುತ್ತೇನೆ ಅಂದೆ. ಅವನು ಹೇಳಿದ್ದನ್ನು ಒಂದಕ್ಷರ ಬಿಡದೆ ಮೇಲೆ ಬರೆದಿದ್ದೇನೆ, ಅವನ ಮಾತಿಗೂ ತೂಕ ಇದೆ ಅಂತ ನಿನಗೆ ಗೊತ್ತಾಗಲಿ ಅಂತ. ಬ್ರೇಕು ಹೇಳಿದ್ದು, ಕನ್ನಡಕದವರು ಹೇಳಿದ್ದು, ಡಾಕ್ಟರಮ್ಮ ಹೇಳಿದ್ದು ಎಲ್ಲವೂ ನಿನ್ನ ಮುಂದಿದೆ. ವಾರವಿಡೀ ಯೋಚಿಸಿದೆ. ಅಟ್ಟದ ಮೇಲಿನ ಡಬ್ಬಗಳನ್ನೆಲ್ಲ ಇಳಿಸಿ ಒರೆಸಿ ಮತ್ತೆ ಇಟ್ಟೆ, ನನಗೆ ಯೋಚನೆ ಹತ್ತಿದರೆ ಹಾಗೆಯೇ ಅಲ್ಲವೇ.

ಉಳಿದಂತೆ ಕನ್ನಡಕದವರು ನಿನ್ನ ಮುಂದಿನ ಸಿನಿಮಾ ತಮ್ಮ ಅಂಗಡಿಯ ಮೇಲೆಯೇ ಆಗಬೇಕು ಅನ್ನುತ್ತಿದ್ದಾರೆ, ಮೀಸೆಗೆ ಈಗಿನಿಂದಲೇ ಬಣ್ಣ ಹಚ್ಚುತ್ತಿದ್ದಾರೆ. ಬ್ರೇಕು ನಿನ್ನನ್ನು ಬಹಳ ಕೇಳಿದ್ದಾರೆ. ಡಾಕ್ಟರಮ್ಮ ನಿನ್ನ ಕಡವಾಯಿ ಹಲ್ಲನ್ನು ನೆನಪಿಸಿದ್ದಾರೆ. ಲಾಂಡ್ರಿಯ ಹೆಂಗಸರು ಸಿನಿಮಾದಲ್ಲಿ ತಾವು ದಪ್ಪ ಕಾಣುತ್ತೇವಾ ಅಂತ ತಿಳಿಯಲು ಕಾದಿದ್ದಾರೆ. ನೀನು ನೂರು ಕಾಲ ಚೆನ್ನಾಗಿರು, ಕಣ್ಣು ತಂಪಾಗಿರಲಿ, ಹಿಡಿದ ಕೆಲಸ ಕೈಗೂಡಲಿ. ನಿನ್ನಂಥ ಸೊಸೆ ಬಂದದ್ದು ನನ್ನ ಪುಣ್ಯ ಅಂತ ಬರೆದರೆ ಉಬ್ಬಿಹೋಗುತ್ತೀಯ, ಆದರೂ ಬರೆದಿದ್ದೇನೆ.

ಇಂತಿ,
ಸದಾ ನಿನ್ನ ಹಿತ ಬಯಸುವ
ಅತ್ತೆ

ಮರೆತೆ: ನಿನ್ನ ಗಂಡ ಕಾಗದ ಪೋಸ್ಟಿಗೆ ಹಾಕಲು ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದಾನೆ, ಬೇಗ ಬೇಗ ಬರೆಯುತ್ತಿದ್ದೇನೆ. ಆ ಭಾಗ ತೆಗೆಯಬೇಡ. ಅವನಿಗೂ ಈಗಲೇ ಹೇಳಿದೆ, ಮುಖ ಊದಿಸಿಕೊಂಡಿದ್ದಾನೆ, ಆದರೆ ಹೊರಟಿದ್ದಾನೆ. ಚೀಲ ಹೊತ್ತ ವಿಷಯವನ್ನೂ ಹೇಳುತ್ತೇನೆ, ಕ್ಯಾಮೆರಾ ತೆಗೆದುಕೊಂಡು ಎರಡು ದಿನದ ಮಟ್ಟಿಗೆ ಬಾ. ಆದರೆ ಒಂದು ತಪ್ಪು ಸರಿಮಾಡು. ಆ ಬೆಡ್‌ಶೀಟಿನ ಇನ್ನೊಂದು ತುದಿ ಹಿಡಿದು, ಕ್ಯಾಮೆರಾ ಸ್ಟ್ಯಾಂಡಿಗೆ ಬಿಟ್ಟು, ನನ್ನ ಎದುರಿಗೆ ನಿಂತಿದ್ದವಳು ನೀನು. 'ಅತ್ತೆ, ಇಷ್ಟು ವರ್ಷ ಇಲ್ಲಿ ದುಡಿದ್ರಲ್ಲ, ಮನೇಲಿ ಯಾರಾದ್ರೂ ನಿಮ್ಮ ಕೆಲಸದ ಬಗ್ಗೆ ಕೇಳ್ತಿದ್ರಾ?' ಅಂತ ನೀನು ಕೇಳಿದ್ದಕ್ಕೇ ನಾನು ಬಾಯಿಬಿಟ್ಟದ್ದು. ಅದನ್ನು ಯಾಕೆ ಕತ್ತರಿಸಿದೆ? ಹಲ್ಲಿಯ ಹಾಗಿರುವುದೆಲ್ಲ ಬೇಡ. ನಿನ್ನ ದನಿ ವಾಪಸ್ ಹಾಕು, ಆ ತುದಿ ಹಿಡಿದ ಕೈಗಳನ್ನೂ ತೋರಿಸು. ಇಲ್ಲದಿದ್ದರೆ ನನ್ನನ್ನು ಕೊನೆಯವರೆಗೂ ಯಾರೂ ಕೇಳಲೇ ಇಲ್ಲ ಅಂತ ನೋಡಿದವರೆಲ್ಲ ನಂಬಿಬಿಡುತ್ತಾರೆ. ಅದು ಸುಳ್ಳು ಮಗಳೇ. ನೀನು ಕೇಳಿದೆ.